ಫೋಟೋದಲ್ಲಿ ಇಲ್ಲದ್ದು

ನನಗೆ ಒಂದು ವಾಕ್ಯ ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಊಟ ಸೇರುತ್ತಿಲ್ಲ ಎಂದರೆ ಕೇಳಿದವರು ನಕ್ಕಾರು ಎಂದು ಯಾರಿಗೂ ಹೇಳಲಿಲ್ಲ. ದಿನಚರಿಯಲ್ಲಿ ಮಾತ್ರ ‘ಇವತ್ತೂ ಅಲ್ಲೇ ಸಿಕ್ಕಿಬಿದ್ದೆ’ ಎಂದು ಬರೆದುಕೊಂಡೆ. ನಮ್ಮ ಮರದ ಮನೆಯ ಬಗ್ಗೆ ದೊಡ್ಡಪ್ಪ ಬರೆದುಕೊಟ್ಟಿದ್ದ ಪುಟಗಳೆಲ್ಲ ಕಂಠಪಾಠವಾಗಿದ್ದವು. ತೊಲೆಗಳ ಬಗ್ಗೆ, ಒಂದು ಮೊಳೆಯನ್ನೂ ಬಳಸದ ಜೋಡಣೆಯ ಬಗ್ಗೆ, ಬಿಸಿಲು ಹಲಗೆಗಳ ಸಂದಿನಿಂದ ಒಳಗೆ ಬರುವ ಬಗೆಯ ಬಗ್ಗೆ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದೆ. ಮೆಟ್ಟಿಲ ಬಳಿ ಬಂದ ಕೂಡಲೇ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ‘ಈ ಮೆಟ್ಟಿಲುಗಳಿಗೆ ಎಂದೂ ಯಾವ ಆಸರೆಯೂ ಇರಲಿಲ್ಲ, ಅವು ಗಾಳಿಯಲ್ಲಿ ತೇಲುವಂತೆ ಕಾಣಬೇಕೆಂಬುದೇ ವಾಸ್ತುಶಿಲ್ಪಿಯ ಆಶಯವಾಗಿತ್ತು.’ ಇರುವುದು ಇಷ್ಟೇ. ಬಟ್ಟೆಗೆ ಸೋಪು ಹಚ್ಚುವಾಗ ಹೇಳಿ ನೋಡಿದೆ, ಆಲೂಗಡ್ಡೆ ಸುಲಿಯುವಾಗ ಹೇಳಿ ನೋಡಿದೆ. ‘ಎಂದೂ’ ಎನ್ನುವಲ್ಲಿಗೆ ಬಂದು ನಿಂತುಬಿಡುತ್ತಿತ್ತು.

ನಾಲ್ಕು ಜನರೆದುರು ಮಾತಾಡುವುದೆಂದರೆ ಮೊದಲೇ ನನಗೆ ಜೀವ ಹೋಗುತ್ತದೆ. ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಮನೆಯಲ್ಲಿರುವ ನನ್ನನ್ನು ದೊಡ್ಡಪ್ಪ ‘ಮುಚ್ಚಳ’ ಎಂದೇ ಕರೆಯುತ್ತಾರೆ. ಬಾಯಿ ತೆರೆಯುವುದಿಲ್ಲ ಎಂದು. ಪಾರಂಪರಿಕ ಕಟ್ಟಡಗಳ ಸಮಿತಿಯವರು ಮನೆ ನೋಡಲು ಬರುವಾಗ ವಿವರಣೆ ಕೊಡುವ ಕೆಲಸಕ್ಕೆ ಆ ಮುಚ್ಚಳವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಮನೆ ಕಟ್ಟಿದವನ ಮೊಮ್ಮಗಳೇ ಮನೆ ತೋರಿಸಿದರೆ ಬಂದವರಿಗೆ ಇಷ್ಟವಾಗುತ್ತದಂತೆ. ಜೊತೆಗೆ, ಬರೆದುಕೊಟ್ಟಿದ್ದಕ್ಕಿಂತ ಒಂದು ಅಕ್ಷರವೂ ಹೆಚ್ಚು ಆಡುವವಳಲ್ಲ ಎಂಬ ಭರವಸೆ.

ಮನೆ ಕಟ್ಟಿದವರು ನನ್ನ ಅಜ್ಜ. ಊರವರಿಗೆಲ್ಲ ಇಟ್ಟಿಗೆ, ಸಿಮೆಂಟಿನಲ್ಲಿ ನಕ್ಷೆ ಬರೆದುಕೊಟ್ಟು, ತಮಗೆ ಮಾತ್ರ ತಲೆಯಿಂದ ಕಾಲಿನವರೆಗೆ ಮರದ ಮನೆ ಮಾಡಿಕೊಂಡವರು. ಮನೆಗಳ ಬಗೆಗಿನ ದೊಡ್ಡ ಪುಸ್ತಕವೊಂದರಲ್ಲಿ ಇದರ ಫೋಟೋ ಬಂದಿದೆ. ಅದೇ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯ ಗೋಡೆಗೆ ಒರಗಿಸಿಟ್ಟಿದ್ದಾರೆ. ಒರಗಿಸಿಟ್ಟಿರುವುದು ಏಕೆಂದರೆ ಈ ಮನೆಯ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಮನೆ ಮುಗಿದಿತ್ತು, ಸಾಮಾನು ಇನ್ನೂ ಬಂದಿರಲಿಲ್ಲ, ಆಗ ತೆಗೆದದ್ದು. ಅದರಲ್ಲಿ ಒಂದು ಕುರ್ಚಿಯಿಲ್ಲ, ಒಂದು ಚಪ್ಪಲಿಯಿಲ್ಲ, ಮನುಷ್ಯರಂತೂ ಇಲ್ಲವೇ ಇಲ್ಲ. ಬಲಬದಿಗೆ, ಗೋಡೆಯಿಂದ ಕೈ ಚಾಚಿದ ಹಾಗೆ ಒಂದೊಂದೇ ಹಲಗೆ ಹೊರಬಂದ ಮೆಟ್ಟಿಲಸಾಲು.

ದೊಡ್ಡಪ್ಪನೂ ಅಜ್ಜನ ಹಾಗೆ ವಾಸ್ತುಶಿಲ್ಪಿ. ಅಜ್ಜನ ಕಚೇರಿಯನ್ನು ಅವರೇ ನಡೆಸುತ್ತಾರೆ. ಮದುವೆಯಾಗಲಿಲ್ಲ. ಭಾವ ಮನೆಯನ್ನೇ ಮದುವೆಯಾದರು, ಸಂಸಾರ ಮಾತ್ರ ನಾವು ಮಾಡುತ್ತಿದ್ದೇವೆ ಎಂದು ಅಮ್ಮ ಹೇಳುತ್ತಾಳೆ. ಅದು ಸುಳ್ಳಲ್ಲ. ವರ್ಷಕ್ಕೆರಡು ಬಾರಿ ಮನೆಯ ಹಲಗೆಗಳಿಗೆಲ್ಲ ಅಗಸೆ ಎಣ್ಣೆ ತಿಕ್ಕುವವರು ಅಮ್ಮ ಮತ್ತು ನಾನು. ಅಡುಗೆಮನೆಯಲ್ಲಿ ಏನನ್ನೂ ಕರಿಯುವಂತಿಲ್ಲ, ಹೊಗೆ ಮರಕ್ಕೆ ಹತ್ತುತ್ತದೆ. ಹಾಗಾಗಿ ಬೇಯಿಸಿದ್ದೇ ನಮ್ಮ ಊಟ. ಆಸ್ಪತ್ರೆಯಿಂದ ಬಂದ ಅಜ್ಜಿಗೆ ಮೊದಲ ದಿನ ಸೂಪು ಕೊಟ್ಟಾಗ, ಇನ್ನೂ ಅಲ್ಲೇ ಇದ್ದೀನೇನೋ ಅಂದುಕೊಂಡೆ ಅಂದಳು.

ಎರಡು ವರ್ಷದಿಂದ ದೊಡ್ಡಪ್ಪನಿಗೆ ಒಂದು ಹಟ. ಮನೆ ಪಾರಂಪರಿಕ ಪಟ್ಟಿಗೆ ಸೇರಬೇಕು. ಸೇರಿದರೆ ಗೆದ್ದಲು ಹಿಡಿದಿರುವ ಮಾಡಿನ ತೊಲೆಗಳನ್ನು ಸರಕಾರದ ವತಿಯಿಂದಲೇ ಸರಿಪಡಿಸಿಕೊಡುತ್ತಾರೆ, ಗೇಟಿನ ಬಳಿ ಅಜ್ಜನ ಹೆಸರಿನ ಫಲಕ ಬರುತ್ತದೆ. ಸೇರಬೇಕಾದರೆ ಮನೆ ಕಟ್ಟಿದಾಗ ಹೇಗಿತ್ತೋ ಹಾಗೇ ಇರಬೇಕು. ಹೇಗಿತ್ತು ಎನ್ನುವುದಕ್ಕೆ ಸಾಕ್ಷಿ ಯಾರು? ಫೋಟೋ. ಮುಂಬಾಗಿಲ ಹಿಂದೆ ಕೋಟು ನೇತುಹಾಕುವ ಕೊಕ್ಕೆಗಳಿದ್ದವು. ಫೋಟೋದಲ್ಲಿ ಇದೆಯಾ ಎಂದು ಕೇಳಿದರು, ಇರಲಿಲ್ಲ, ಹೋದವು. ಅಪ್ಪ ಸಂಜೆ ಕೂರುತ್ತಿದ್ದ ಆರಾಮಕುರ್ಚಿ ಹೋಯಿತು. ಪಕ್ಕದ ಜಗಲಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ಹೋಯಿತು. ಅಡುಗೆಮನೆಯ ತಟ್ಟೆಯ ಸ್ಟ್ಯಾಂಡಿನ ಸರದಿ ಬಂದ ದಿನ ಅಮ್ಮ ಸೌಟು ಕೆಳಗಿಟ್ಟು, "ಭಾವ, ಫೋಟೋದಲ್ಲಿ ನಾನೂ ಇಲ್ಲ. ಹೊರಡಲಾ?" ಎಂದು ಕೇಳಿದಳು. ಅಪ್ಪ ನಕ್ಕರು. ದೊಡ್ಡಪ್ಪ ನಗಲಿಲ್ಲ. ಸ್ಟ್ಯಾಂಡು ಹೋಯಿತು.

ಆಮೇಲೆ ಹೋದದ್ದು ಮೆಟ್ಟಿಲಿನ ರೇಲಿಂಗು.

ಹೌದು, ರೇಲಿಂಗ್ ಇತ್ತು. ನಾನು ಹುಟ್ಟಿದಾಗಿನಿಂದ ಇತ್ತು, ಅಪ್ಪ ಹುಟ್ಟುವ ಮೊದಲೇ ಇತ್ತು. ಮೇಲಿನಿಂದ ಕೆಳಗಿನವರೆಗೆ ಒಂದೇ ಮರ, ಹಿಡಿದು ಹಿಡಿದು ಸಕ್ಕರೆಪಾಕದ ಬಣ್ಣಕ್ಕೆ ತಿರುಗಿದ್ದು. ದೊಡ್ಡಪ್ಪ ಬಡಗಿಯನ್ನು ಕರೆಸಿ, ಅದನ್ನು ಹೊತ್ತ ಸಣ್ಣ ಕಂಬಗಳನ್ನೆಲ್ಲ ಮೆಟ್ಟಿಲ ಅಂಚಿನಿಂದ ಕೀಳಿಸಿ, ತೂತುಗಳಿಗೆ ಮರದ ಬಿರಡೆ ಹೊಡೆಸಿ, ಉಜ್ಜಿಸಿದರು. ನಮ್ಮಪ್ಪನ ಮೂಲ ನಕ್ಷೆಯಲ್ಲಿ ಇದಿಲ್ಲ, ಆಮೇಲೆ ಸೇರಿದ್ದು, ಸೇರಿದ್ದನ್ನು ತೆಗೆಯುವುದು ತಪ್ಪಲ್ಲ ಎಂದರು. ಅಜ್ಜಿಯ ಕೋಣೆ ಮಹಡಿಯಲ್ಲಿ. ಕೂತಲ್ಲೇ ರಸ್ತೆ ಕಾಣುವಷ್ಟು ತಗ್ಗಿನಲ್ಲಿ ಅಜ್ಜ ಅವಳಿಗಾಗಿ ಇಟ್ಟ ಕಿಟಕಿಯಿರುವ ಕೋಣೆ. ನಿಧಾನವಾಗಿ ಹತ್ತಿ ಇಳೀತೀನಿ ಬಿಡು ಎಂದಷ್ಟೇ ಅಜ್ಜಿ ಅಂದಳು. ಅಲ್ಲಿಂದ ಮುಂದೆ ಗೋಡೆಯ ಮೇಲೆ ಅಂಗೈ ಊರಿ ಇಳಿಯುತ್ತಿದ್ದಳು. ಎಣ್ಣೆ ತಿಕ್ಕಿದ ಹಲಗೆಯ ಗೋಡೆ. ಹಿಡಿದುಕೊಳ್ಳಲು ಅಲ್ಲಿ ಏನಿದೆ? ಒಂದು ಬೆಳಿಗ್ಗೆ ಚಹಾಕ್ಕೆಂದು ಇಳಿದು ಬರುವಾಗ ಬಿದ್ದಳು. ಸೊಂಟದ ಮೂಳೆ ಮುರಿಯಿತು.

ಬಿದ್ದದ್ದಕ್ಕೂ ರೇಲಿಂಗ್ ತೆಗೆಸಿದ್ದಕ್ಕೂ ಸಂಬಂಧವಿದೆ ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವಯಸ್ಸು ಎಂದರು. ಚಪ್ಪಲಿ ಸರಿಯಿರಲಿಲ್ಲ ಎಂದರು. ಪಾಪ, ಆ ಚಪ್ಪಲಿಗಳನ್ನು ಎಸೆದೂಬಿಟ್ಟರು.

ಆಪರೇಷನ್ ಆಗಿ ಬಂದಮೇಲೆ ಅಜ್ಜಿಯ ಮಂಚ ಪಡಸಾಲೆಗೆ ಬಂತು. ಒಂದು ಪರದೆ, ಪಕ್ಕದಲ್ಲಿ ಕಮೋಡ್ ಕುರ್ಚಿ, ಸ್ಟೂಲಿನ ಮೇಲೆ ಮಾತ್ರೆಗಳು. ತಲೆಯ ಕಡೆ ಆ ಫೋಟೋ. ಅಜ್ಜಿಗೆ ಆಸ್ಪತ್ರೆಯಲ್ಲಿ ಹಿಡಿದ ಒಣಕೆಮ್ಮು ಬಿಟ್ಟಿರಲಿಲ್ಲ. ಕೆಮ್ಮಿನ ನಡುನಡುವೆ ದಿನಾ ಅದೇ ವಿಚಾರಣೆ: ಮೇಲಿನ ಕಿಟಕಿ ಹಾಕಿದೆಯಾ, ಹಾಸಿಗೆ ಬಿಸಿಲಿಗೆ ಹಾಕಿದ್ರಾ, ಎದುರುಮನೆಯವರು ಗೇಟಿಗೆ ಬಣ್ಣ ಹೊಡೆಸಿದರಂತೆ, ಯಾವ ಬಣ್ಣ. ಹಸಿರು ಎಂದೆ. ಎಂಥ ಹಸಿರು ಎಂದು ಕೇಳಿದಳು. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ನಾನೇ ಹೋಗಿ ನೋಡ್ತೀನಿ ಬಿಡು ಎಂದಳು, ನಾಳೆಯೇ ಹತ್ತಿ ಹೋಗುವವಳ ಹಾಗೆ.

ಕಸರತ್ತು ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿಗೂ ಅದೇ ಆಸೆ. ವಾಕರ್ ಹಿಡಿದು ಪಡಸಾಲೆಯಲ್ಲಿ ನಡೆಯುವುದು ಆಯಿತು, ಇನ್ನು ಮೆಟ್ಟಿಲು ಶುರುಮಾಡಬೇಕು, ಹಿಡಿದುಕೊಳ್ಳಲು ಒಂದು ಆಸರೆ ಹಾಕಿಸಿ, ಅಜ್ಜಿಗೆ ಕಾಲಲ್ಲಿ ಬಲವಿದೆ, ಹತ್ತುತ್ತಾರೆ ಎಂದು ಹೇಳಿಹೋದಳು. ಆ ಸಂಜೆ ಊಟಕ್ಕೆ ಕೂತಾಗ ಅಮ್ಮ ವಿಷಯ ತೆಗೆದಳು. ಅಮ್ಮ ಔಷಧಿ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ನಿಂತು ಬಂದವಳು. ಒಂದು ಕಾಲನ್ನು ಇನ್ನೊಂದು ಕಾಲಿನ ಮೇಲೆ ಉಜ್ಜಿಕೊಳ್ಳುತ್ತ, ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ, ಹಳೇ ರೇಲಿಂಗ್ ಇದೆಯಲ್ಲ, ಅದನ್ನೇ ಹಾಕಿಸಿದರಾಯಿತು ಎಂದಳು.

ಸಮಿತಿ ಬಂದು ಹೋಗಲಿ ಎಂದರು ದೊಡ್ಡಪ್ಪ.

ಅದು ಯಾವಾಗ ಬರುತ್ತದೆ ಎಂದು ಅಮ್ಮ. ಈ ತಿಂಗಳಲ್ಲೇ ಎಂದು ದೊಡ್ಡಪ್ಪ. ಬಂದು ಹೋದಮೇಲೆ ಹಾಕಿಸಬಹುದೇ ಎಂದು ಅಮ್ಮ. ಪಟ್ಟಿಗೆ ಸೇರಿದಮೇಲೆ ಅನುಮತಿಯಿಲ್ಲದೆ ಒಂದು ಬೆಣೆಯನ್ನೂ ಅಲ್ಲಾಡಿಸುವಂತಿಲ್ಲ ಎಂದು ದೊಡ್ಡಪ್ಪ.

"ಅಂದ್ರೆ ಮೊದಲೂ ಆಗಲ್ಲ, ಆಮೇಲೂ ಆಗಲ್ಲ," ಅಂದಳು ಅಮ್ಮ.

"ನೋಡಮ್ಮ, ‘ಮಾರ್ಪಾಡಾಗಿದೆ’ ಅಂತ ಒಂದು ಪದ ಬರೆದ್ರೆ ಮುಗೀತು. ಮಾಡು ಕುಸಿದು ತಲೆ ಮೇಲೆ ಬಿದ್ದಾಗ ರೇಲಿಂಗ್ ಹಿಡ್ಕೊಂಡು ಕೂತಿರ್ತೀಯಾ?"

ಅಮ್ಮ ನನ್ನ ಅಪ್ಪನ ಮುಖ ನೋಡಿದಳು. ಅಪ್ಪ ಉಪ್ಪಿನ ಡಬ್ಬಿ ಹುಡುಕುತ್ತಿದ್ದರು. ಅದು ಅವರ ಕೈಯ ಪಕ್ಕದಲ್ಲೇ ಇತ್ತು.

ಮುಂದಿನ ವಾರವೆಲ್ಲ ಎಣ್ಣೆ ತಿಕ್ಕುವ ಕೆಲಸ. ಸಮಿತಿಯ ಕಣ್ಣಿಗೆ ಮನೆ ಹೊಳೆಯಬೇಕಲ್ಲ. ಅಮ್ಮ ಅಂಗಡಿಗೆ ಹೋದಮೇಲೆ ನಾನೊಬ್ಬಳೇ ಮಂಡಿಯೂರಿ ಕೂತು, ಹಳೇ ಬನಿಯನ್ ತುಂಡಿನಿಂದ ಮೆಟ್ಟಿಲುಗಳಿಗೆ ಎಣ್ಣೆ ಹಚ್ಚುತ್ತ ಬಂದೆ. ಮಧ್ಯಾಹ್ನದ ಹೊತ್ತಿಗೆ ಒಂದು ವಿಚಿತ್ರ ಕಾಣಿಸಿತು. ಹಲಗೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿದ್ದರೆ, ಅಂಚಿನಲ್ಲಿ ಬಿರಡೆ ಹೊಡೆದ ಜಾಗಗಳು ಮಾತ್ರ ಎಣ್ಣೆ ಕುಡಿದು ಕಪ್ಪಗಾಗಿದ್ದವು. ಒಂದೊಂದು ಮೆಟ್ಟಿಲಿಗೂ ದುಂಡನೆಯ ಕಪ್ಪು ಬೊಟ್ಟು. ಬಿರಡೆಯ ಮರದ ಎಳೆ ನಿಂತಿದೆ, ಹಲಗೆಯದು ಮಲಗಿದೆ. ನಿಂತ ಎಳೆ ಹೆಚ್ಚು ಕುಡಿಯುತ್ತದೆ. ಅಷ್ಟು ಉಜ್ಜಿಸಿ, ಅಷ್ಟು ಮುಚ್ಚಿಸಿ, ಕೊನೆಗೆ ಎಣ್ಣೆಯೇ ಚಾಡಿ ಹೇಳಿತು.

ದೊಡ್ಡಪ್ಪ ಕಚೇರಿಯಿಂದ ಬಂದವರು ಮೆಟ್ಟಿಲ ಬುಡದಲ್ಲಿ ನಿಂತು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಮಿಕ್ಕ ಮೆಟ್ಟಿಲುಗಳ ಆ ಅಂಚಿಗೆ ಎಣ್ಣೆ ಬೇಡ ಮುಚ್ಚಳ, ಅಷ್ಟು ಬಿಟ್ಟು ಹಚ್ಚು ಎಂದರು. ಕಪ್ಪಾದವಕ್ಕೆ ಮೇಣದಲ್ಲಿ ಬಣ್ಣ ಕಲೆಸಿ ತಾವೇ ಕೂತು ತೀಡಿದರು. ಕನ್ನಡಕ ಹಣೆಗೇರಿಸಿ, ಕಿರುಬೆರಳಿನಿಂದ. ಅಷ್ಟು ಮೃದುವಾಗಿ ಅವರು ಯಾವುದನ್ನಾದರೂ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಪರದೆಯ ಆಚೆಯಿಂದ ಅಜ್ಜಿ ನೀರು ಕೇಳಿದಳು. ದೊಡ್ಡಪ್ಪ ತಲೆಯೆತ್ತದೆ, ಅಜ್ಜಿಗೆ ನೀರು ಕೊಡು ಎಂದು ನನಗೆ ಹೇಳಿದರು. ಹೂಜಿ ಅವರ ಬೆನ್ನ ಹಿಂದೆಯೇ ಇತ್ತು.

ನೀರು ಕುಡಿದು ಅಜ್ಜಿ ನನ್ನ ಕೈ ಬಿಡಲಿಲ್ಲ. ದೊಡ್ಡಪ್ಪ ಮೇಲೆ ಹೋಗುವವರೆಗೆ ಕಾದು, ಹಿತ್ತಲ ಬಾಗಿಲ ಕಡೆ ಗಲ್ಲ ತೋರಿಸಿದಳು. ಅವಳ ಮಂಚದಿಂದ ಹಿತ್ತಲು ನೇರ ಕಾಣುತ್ತದೆ. ಅಲ್ಲಿ ಎರಡು ಕವೆಗೋಲುಗಳ ಮೇಲೆ ಉದ್ದನೆಯ ಗಳು, ಗಳುವಿನ ಮೇಲೆ ಅವಳದೇ ಹಾಸಿಗೆಯ ಬಟ್ಟೆಗಳು.

"ಅದು ಆ ಕೋಲಲ್ವೇನೇ ಪುಟ್ಟಿ?"

ಅದೇ. ಜಗಲಿಯ ಹಗ್ಗ ಹೋದಮೇಲೆ ಬಟ್ಟೆ ಒಣಗಿಸಲು ಜಾಗವಿಲ್ಲದೆ, ಅಮ್ಮ ಶೆಡ್ಡಿನ ಹಿಂದೆ ಬಿದ್ದಿದ್ದ ರೇಲಿಂಗನ್ನು ಎಳೆದು ತಂದು ಕವೆಗೋಲಿನ ಮೇಲೆ ಹಾಕಿದ್ದಳು. ಅಜ್ಜಿ ಬೇಸರ ಮಾಡಿಕೊಂಡಾಳು ಎಂದು ನಾನು ಹೆದರಿದೆ. ಅವಳು ನಕ್ಕಳು, ನಕ್ಕು ಕೆಮ್ಮಿದಳು. ಆಮೇಲೆ ಹೇಳಿದಳು.

ಫೋಟೋ ತೆಗೆದು, ಸಾಮಾನು ಬಂದು, ಒಲೆ ಹಚ್ಚಿದ ಹೊಸತು. ಅವಳ ಸೊಂಟದ ಮೇಲೆ ದೊಡ್ಡಪ್ಪ, ಹೊಟ್ಟೆಯಲ್ಲಿ ನನ್ನ ಅಪ್ಪ. ಮೆಟ್ಟಿಲಿಳಿಯುವಾಗ ಕಾಲು ಜಾರಿತು. ಹೇಗೋ ಗೋಡೆಗೆ ಬೆನ್ನು ಕೊಟ್ಟು, ಮಗುವನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳಂತೆ. ಅಜ್ಜ ಮೇಲಿನಿಂದ ನೋಡಿದರು. ಅವತ್ತು ಕಚೇರಿಗೆ ಹೋಗಲಿಲ್ಲ.

"ನಾನು ಹಿಟ್ಟು ಕಲೆಸ್ತಾ ಇದ್ದೆ. ಬಂದ್ರು, ಹಿಟ್ಟಲ್ಲಿ ಒಂದು ಮುದ್ದೆ ಕಿತ್ತು ನನ್ನ ಕೈಗೆ ಕೊಟ್ಟು, ಬೀಳೋವಾಗ ಹಿಡ್ಕೋತೀಯಲ್ಲ ಹಾಗೆ ಹಿಡಿ ಅಂದ್ರು. ಹಿಡಿದೆ. ಬೆರಳಿನ ಅಚ್ಚು ಬಿದ್ದ ಮುದ್ದೇನ ಎತ್ಕೊಂಡು ಹೋದ್ರು. ಒಣಗಿಸಿ, ಅದನ್ನೇ ಎದುರಿಗಿಟ್ಕೊಂಡು ಕೆತ್ತಿದ್ರು ನೋಡು. ಹಿಟ್ಟು ದಂಡವಾಯ್ತು ಅಂತ ನಾನು ಬೈದೆ."

ಕೆಳಬದಿಯಲ್ಲಿ ಬೆರಳುಗಳು ಕೂರುವ ಸಣ್ಣ ತಗ್ಗು ಆ ಮರದುದ್ದಕ್ಕೂ ಇರುವುದು ನನಗೆ ಗೊತ್ತಿತ್ತು. ಸವೆದು ಆದದ್ದು ಎಂದುಕೊಂಡಿದ್ದೆ.

ಇದು ದೊಡ್ಡಪ್ಪನಿಗೆ ಗೊತ್ತಾ ಎಂದು ಕೇಳಿದೆ. ತೆಗೆಸುವ ಹೊತ್ತಿಗೆ ಹೇಳಿದ್ದಳಂತೆ. ಕೇಳಿಸಿಕೊಂಡು, ಆದರೆ ಫೋಟೋದಲ್ಲಿ ಇಲ್ಲವಲ್ಲಮ್ಮ ಎಂದರಂತೆ. ಇಷ್ಟು ಹೇಳಿ ಅಜ್ಜಿ ಗೋಡೆಯ ಕಡೆ ಹೊರಳಿದಳು. ಆ ರಾತ್ರಿ ನನ್ನ ಕೈಯ ಎಣ್ಣೆ ತೊಳೆದಷ್ಟೂ ಹೋಗಲಿಲ್ಲ.

ಸಮಿತಿ ಬರುವ ದಿನ ಗೊತ್ತಾಯಿತು. ಅದರ ಮರುದಿನವೇ ದೊಡ್ಡಪ್ಪ ಊಟದ ಹೊತ್ತಿಗೆ ಸರಿಯಾಗಿ ಇನ್ನೊಂದು ಸುದ್ದಿ ತಂದರು. ವಯಸ್ಸಾದವರನ್ನು ನೋಡಿಕೊಳ್ಳುವ ಆರೈಕೆ ಮನೆಯೊಂದರಲ್ಲಿ ವಿಚಾರಿಸಿ ಬಂದಿದ್ದಾರೆ. ಒಳ್ಳೆಯ ಜಾಗ, ನರ್ಸುಗಳಿದ್ದಾರೆ. ಸಮಿತಿ ಬಂದುಹೋದ ವಾರಾಂತ್ಯಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದೆ. ಸಮಿತಿಯ ನಂತರವೂ ಅಳತೆಯವರು ಬರುತ್ತಾರೆ, ಫೋಟೋದವರು ಬರುತ್ತಾರೆ. ಪಡಸಾಲೆಯಲ್ಲಿ ಮಂಚ, ಕಮೋಡ್ ಇಟ್ಟುಕೊಂಡು ಅದೆಲ್ಲ ಆಗುವುದಿಲ್ಲ. ಅಜ್ಜಿ ಒಂದು ತಿಂಗಳು ಅಲ್ಲಿದ್ದರೆ ಅವಳಿಗೂ ಅನುಕೂಲ.

ನನ್ನ ಅಮ್ಮ ತಟ್ಟೆ ಸರಿಸಿದಳು. ಅಲ್ಲಿಗೆ ತಿಂಗಳಿಗೆಂದು ಹೋದವರಲ್ಲಿ ಎಷ್ಟು ಜನ ವಾಪಸು ಬಂದಿದ್ದಾರೆ ಎಂದು ಕೇಳಿದಳು. ಅಂಗಡಿಗೆ ಮಾತ್ರೆ ಕೊಳ್ಳಲು ಬರುವವರಿಂದ ಅವಳಿಗೆ ಊರಿನ ಮುದುಕರ ಕಥೆಯೆಲ್ಲ ಗೊತ್ತು. ದೊಡ್ಡಪ್ಪ ಸಮಾಧಾನದಿಂದಲೇ ವಿವರಿಸಿದರು. ಅಲ್ಲಿ ಕಾರಿಡಾರಿನುದ್ದಕ್ಕೂ, ಬಚ್ಚಲಲ್ಲಿ, ಮೆಟ್ಟಿಲ ಎರಡೂ ಬದಿಗೆ ಹಿಡಿದು ನಡೆಯಲು ಕಂಬಿ ಹಾಕಿದ್ದಾರೆ, ಬೀಳುವ ಭಯವೇ ಇಲ್ಲ.

"ಕಂಬಿ ಅಲ್ಲಿದ್ರೆ ಆರೈಕೆ, ಇಲ್ಲಿದ್ರೆ ಮಾರ್ಪಾಡಾ?" ಅಂದಳು ಅಮ್ಮ.

"ಮಾತಿಗೆ ಮಾತು ಬೆಳೆಸ್ಬೇಡ."

"ಬೆಳೆಸೋದೇನು ಬಂತು ಭಾವ. ನಿಮ್ಮ ಅಪ್ಪ ಕಟ್ಟಿದ ಮನೆ ಉಳಿಸೋಕೆ ನಿಮ್ಮ ಅಮ್ಮನ್ನ ಹೊರಗೆ ಹಾಕ್ತೀರಿ. ಮನೆ ಯಾರಿಗೆ ಕಟ್ಟಿದ್ರು ಅವರು? ಸಮಿತಿಗಾ?"

ದೊಡ್ಡಪ್ಪನ ಕಿವಿ ಕೆಂಪಾಯಿತು. ತಮ್ಮನ ಕಡೆ ತಿರುಗಿ, ನಿನ್ನ ಹೆಂಡತಿ ಏನು ಹೇಳ್ತಾ ಇದ್ದಾಳೆ ಕೇಳಿಸ್ತಾ ಎಂದರು. ಅಪ್ಪ ಇಬ್ಬರನ್ನೂ ನೋಡಿ, ಊಟ ಮಾಡಿ ಮೊದಲು, ತಣ್ಣಗಾಗತ್ತೆ ಎಂದರು. ಪರದೆಯ ಆಚೆಯಿಂದ ಅಜ್ಜಿಯ ದನಿ ಬಂತು. ನನ್ನ ವಿಷಯಕ್ಕೆ ಯಾಕೆ ಊಟ ಕೆಡಿಸ್ಕೋತೀರಿ, ಹೋಗಿ ಬರ್ತೀನಿ ಬಿಡಿ, ಅಲ್ಲೂ ಸೂಪೇ ತಾನೇ ಕೊಡೋದು ಎಂದಳು. ಯಾರೂ ನಗಲಿಲ್ಲ. ದೊಡ್ಡಪ್ಪ ಮಾತ್ರ, ನೋಡಿ, ಅವಳೇ ಒಪ್ಪಿದಳು ಎಂದರು.

ತಟ್ಟೆ ತೊಳೆಯುವಾಗ ಅಪ್ಪ ಬಂದು ಒರೆಸುವ ಬಟ್ಟೆ ಹಿಡಿದು ನನ್ನ ಪಕ್ಕ ನಿಂತರು. ಅಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತರು. ಬೇರೆಯವರ ಅಪಘಾತಗಳ ಕಾಗದ ನೋಡುವುದು ಅವರ ಕೆಲಸ. ಅಣ್ಣನಿಗೆ ಎದುರಾಡಿ ನನಗೆ ರೂಢಿಯಿಲ್ಲ, ಒಂದು ತಿಂಗಳು ತಾನೇ ಎಂದರು. ಅಪ್ಪನ ‘ತಾನೇ’ ನಮ್ಮ ಮನೆಯಲ್ಲಿ ಬಹಳ ಕೆಲಸ ಮಾಡಿದೆ. ಕೊಕ್ಕೆ ತಾನೇ, ಕುರ್ಚಿ ತಾನೇ, ಕೋಲು ತಾನೇ. ಈಗ ಅಮ್ಮ ತಾನೇ. ಇದನ್ನು ಅವರ ಮುಖಕ್ಕೆ ಹೇಳಬೇಕೆನಿಸಿತು. ಕೈಯಲ್ಲಿದ್ದ ಲೋಟವನ್ನು ಎರಡನೇ ಸಲ ತೊಳೆದೆ. ಅಪ್ಪ ಅದನ್ನು ಎರಡನೇ ಸಲ ಒರೆಸಿದರು.

ಆಮೇಲೆ ಅಮ್ಮ, ದೊಡ್ಡಪ್ಪ ಮಾತು ಬಿಟ್ಟರು. ಮಾತು ಬಿಟ್ಟವರ ನಡುವೆ ಓಡಾಡುವ ಕೆಲಸ ನನಗೆ ಬಂತು. ನಿಮ್ಮ ದೊಡ್ಡಪ್ಪನಿಗೆ ಚಹಾ ಬೇಕಾ ಕೇಳು. ನಿಮ್ಮ ಅಮ್ಮನಿಗೆ ಹೇಳು, ಹಿತ್ತಲಲ್ಲಿ ಆ ದಿನ ಬಟ್ಟೆ ಕಾಣಕೂಡದು. ನಿಮ್ಮ ದೊಡ್ಡಪ್ಪನಿಗೆ ಹೇಳು, ಹಾಸಿಗೆ ಒದ್ದೆಯಾದರೆ ಬಟ್ಟೆ ಒಗೆಯಲೇಬೇಕು, ಒಗೆದದ್ದು ಒಣಗಲೇಬೇಕು. ಮುಚ್ಚಳ ಎಷ್ಟು ಮಾತು ಹೊತ್ತಿತೋ, ಅದರಲ್ಲಿ ತನ್ನದೊಂದೂ ಇರಲಿಲ್ಲ.

ದೊಡ್ಡಪ್ಪ ಸಂಜೆ ಸಂಜೆ ನನ್ನಿಂದ ಹೇಳಿಸಿ ನೋಡುತ್ತಿದ್ದರು. ಮುಂಬಾಗಿಲಿಂದ ಶುರು; ಅವರೇ ಸಮಿತಿಯವರಂತೆ ಕೈಕಟ್ಟಿ ಹಿಂದೆ ಬರುವರು. ಅವರು ಕೆಟ್ಟವರಲ್ಲ ಎನ್ನುವುದೇ ಕಷ್ಟ. ತೊಲೆಗಳ ವಿಷಯ ಬಂದಾಗ ಪಾಠ ಮರೆತು, ಅಜ್ಜ ತಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಒಂದೊಂದು ಜೋಡಣೆಯನ್ನೂ ಮುಟ್ಟಿ ನೋಡಲು ಹೇಳುತ್ತಿದ್ದರು ಎಂದು ಹೇಳುತ್ತ ಕಣ್ಣು ಒರೆಸಿಕೊಂಡರು. ನಮ್ಮಪ್ಪನ ಹೆಸರು ಗೇಟಿನ ಮೇಲೆ ಕಾಣಬೇಕು ಮುಚ್ಚಳ, ಅಷ್ಟಾದರೆ ಸಾಕು ಎಂದರು. ನನಗೆ ಅಯ್ಯೋ ಅನ್ನಿಸಿತು. ಮೆಟ್ಟಿಲ ಬಳಿ ಬಂದೆವು. ನಾನು ನಿಂತೆ.

"ಇದೊಂದು ಯಾಕೆ ನಿನಗೆ ಬರಲ್ಲ?"

ನಾನು ಬಿರಡೆಗಳನ್ನು ನೋಡುತ್ತಿದ್ದೆ. ಅವರು ನನ್ನ ನೋಟ ಹಿಡಿದು ಅಲ್ಲಿಗೇ ಬಂದರು. ಕಣ್ಣೀರು ಹಾಗೇ ಆರಿಹೋಯಿತು. "ಹೇಳಿಬಿಡು. ಒಂದು ವಾಕ್ಯ," ಎಂದರು. ನಾನು ಹೇಗೋ ಗೊಣಗಿದೆ. ಅವರು ತಲೆಯಾಡಿಸಿದರು. ಗೊಣಗಿದ್ದು ಆ ವಾಕ್ಯವೇ ಅಲ್ಲ, ಬರೀ ಗಾಳಿ. ಅವರಿಗೆ ಅಷ್ಟೇ ಸಾಕಾಗಿತ್ತು.

ಸಮಿತಿ ಬರುವ ಬೆಳಿಗ್ಗೆ ಅಮ್ಮನಿಗೆ ರಜೆ ಸಿಗಲಿಲ್ಲ. ಹೊರಡುವ ಮುನ್ನ ಅಜ್ಜಿಯ ಹಾಸಿಗೆಯ ಬಟ್ಟೆಗಳನ್ನು ಒಗೆದು, ಹಿಂಡಿ, ಯಾರನ್ನೂ ಕೇಳದೆ ಹಿತ್ತಲ ಗಳುವಿನ ಮೇಲೆ ಹರವಿ, ಹನ್ನೊಂದಕ್ಕೆ ಅಜ್ಜಿ ಮಾತ್ರೆ, ಮರೀಬೇಡ ಎಂದು ನನಗೆ ಹೇಳಿ ಹೋದಳು. ಅಪ್ಪ ಮತ್ತು ದೊಡ್ಡಪ್ಪ ಮಂಚ ಬಿಚ್ಚಿ ಶೆಡ್ಡಿಗೆ ಸಾಗಿಸಿದರು. ಪರದೆ ಹೋಯಿತು, ಕಮೋಡ್ ಹೋಯಿತು, ಮಾತ್ರೆಯ ಸ್ಟೂಲು ಹೋಯಿತು. ಪಡಸಾಲೆ ಫೋಟೋದ ಹಾಗೇ ಆಯಿತು. ಉಳಿದದ್ದು ಅಜ್ಜಿ.

ಆರೈಕೆ ಮನೆಯ ಹಾಸಿಗೆಗೆ ಇನ್ನೂ ಎರಡು ದಿನವಿತ್ತು. ಅವಳನ್ನು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ವಾಕರ್ ಹಿಡಿಸಿ ನಡೆಸಿಕೊಂಡು ಹೋದರು. ಆಲೂಗಡ್ಡೆ ಮೂಟೆ, ಎಣ್ಣೆ ಡಬ್ಬ, ನಡುವೆ ಒಂದು ಕುರ್ಚಿ. ಸಮಿತಿಯವರು ಉಗ್ರಾಣ ನೋಡುವುದಿಲ್ಲವಂತೆ. ಅಪ್ಪ ಕುರ್ಚಿಗೆ ದಿಂಬು ಇಟ್ಟರು, ದಿಂಬು ಸರಿಮಾಡಿದರು, ಮತ್ತೆ ಸರಿಮಾಡಿದರು. ದೊಡ್ಡಪ್ಪ ಬಗ್ಗಿ ಮೆಲ್ಲಗೆ ಹೇಳಿದರು:

"ಅಮ್ಮ, ಕೆಮ್ಮು ಬಂದ್ರೆ ಸ್ವಲ್ಪ ತಡ್ಕೋ. ಜಾಸ್ತಿ ಹೊತ್ತಿಲ್ಲ."

ಅಜ್ಜಿ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ಇಟ್ಟುಕೊಂಡು, ಹೀಗೆ ಸಾಕಾ ಎನ್ನುವಂತೆ ಮಗನನ್ನು ನೋಡಿದಳು. ಇವನನ್ನೇ ಅಲ್ಲವೇ ಇವಳು ಮೆಟ್ಟಿಲ ಮೇಲೆ ಎದೆಗೆ ಒತ್ತಿಕೊಂಡದ್ದು ಎಂದು ನನಗನ್ನಿಸಿತು. ದೊಡ್ಡಪ್ಪ ಬಾಗಿಲು ಎಳೆದುಕೊಂಡರು.

ಬಂದವರು ಮೂವರು. ಅಳತೆಪಟ್ಟಿ ಹಿಡಿದ ಒಬ್ಬರು, ಕ್ಯಾಮೆರಾ ಹಿಡಿದ ಒಬ್ಬರು, ಮತ್ತು ಸಮಿತಿಯ ಮುಖ್ಯಸ್ಥೆ. ಕೂದಲು ಪೂರ್ತಿ ನರೆತ, ಮೊಣಕಾಲನ್ನು ಸ್ವಲ್ಪ ಎಳೆದುಹಾಕುವ ಹೆಂಗಸು. ನಾನು ಮುಂಬಾಗಿಲಿಂದ ಶುರುಮಾಡಿದೆ. ದನಿ ನಡುಗಿತು, ಆದರೆ ಬಂತು. ಜೋಡಣೆಗಳನ್ನು ತೋರಿಸಿದೆ. ಆಕೆ ಒಂದೊಂದನ್ನೂ ಬೆರಳಿನಿಂದ ತಡವಿ, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಯಾರು ಎಣ್ಣೆ ಹಚ್ಚುವುದು ಎಂದು ಕೇಳಿದರು. ಎಲ್ಲರೂ ಸೇರಿ ಎಂದರು ದೊಡ್ಡಪ್ಪ. ಅಪ್ಪ ಚಹಾದ ತಟ್ಟೆ ಹಿಡಿದು ನಿಂತಿದ್ದರು. ಪಡಸಾಲೆಯಲ್ಲಿ ಕ್ಯಾಮೆರಾದವನು ಒಮ್ಮೆ ಫೋಟೋ ನೋಡಿ ಒಮ್ಮೆ ಕೋಣೆ ನೋಡಿ, ಅಬ್ಬಾ, ಕೂದಲೆಳೆಯಷ್ಟೂ ಬದಲಾಗಿಲ್ಲವಲ್ಲ ಸಾರ್ ಎಂದ. ದೊಡ್ಡಪ್ಪನ ಮುಖ ಅರಳಿತು.

ಮೆಟ್ಟಿಲ ಬಳಿ ಬಂದೆವು.

ಮುಖ್ಯಸ್ಥೆ ನನ್ನ ಮಾತಿಗೆ ಕಾಯದೆ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಇಡುತ್ತಿದ್ದ ಹಾಗೇ ಅವರ ಕೈ ತಾನಾಗಿ ಪಕ್ಕಕ್ಕೆ ಎದ್ದು, ಗಾಳಿಯನ್ನು ಹಿಡಿಯಿತು. ಸರಿಯಾಗಿ ರೇಲಿಂಗ್ ಇದ್ದ ಎತ್ತರಕ್ಕೆ. ಅವರು ತಮ್ಮ ಖಾಲಿ ಕೈಯನ್ನು ನೋಡಿಕೊಂಡು ನಕ್ಕರು, ಕಾಲನ್ನು ಹಿಂತೆಗೆದುಕೊಂಡರು.

"ಹಿಡ್ಕೊಳ್ಳೋಕೆ ಇಲ್ಲಿ ಏನಾದ್ರೂ ಇತ್ತಾ?"

"ಇಲ್ಲ ಮೇಡಂ," ಎಂದರು ದೊಡ್ಡಪ್ಪ. ಅದೇ ಈ ಮನೆಯ ವಿಶೇಷ, ನಮ್ಮ ಹುಡುಗಿ ಹೇಳ್ತಾಳೆ ಕೇಳಿ ಎಂದು ನನ್ನತ್ತ ಕೈ ತೋರಿಸಿದರು. ಅಳತೆಯವರು ಬರೆದುಕೊಳ್ಳಲು ಪೆನ್ನು ತೆಗೆದರು. ಅಪ್ಪ ನೆಲ ನೋಡಿದರು.

ಮನೆ ನಿಶ್ಶಬ್ದವಾಗಿತ್ತು. ಮರದ ಮನೆ, ಒಂದು ಮೂಲೆಯ ಉಸಿರು ಇನ್ನೊಂದು ಮೂಲೆಗೆ ಕೇಳುತ್ತದೆ. ನಾನು ಕಿವಿಗೊಟ್ಟೆ. ಬೆಳಗಿನಿಂದ ಮಾತಿಗೊಂದು ಸಲ ಕೆಮ್ಮುತ್ತಿದ್ದ ಅಜ್ಜಿ ಇಷ್ಟು ಹೊತ್ತೂ ಒಂದು ಸಲವೂ ಕೆಮ್ಮಿರಲಿಲ್ಲ. ಒಂದೇ ಒಂದು ಸಲವೂ. ಕೆಮ್ಮಿದ್ದರೆ ನಾನು ಆ ವಾಕ್ಯ ಹೇಳಿಬಿಡುತ್ತಿದ್ದೆನೇನೋ. ಆ ಉಗ್ರಾಣದ ಕತ್ತಲಲ್ಲಿ ಸೆರಗು ಕಚ್ಚಿ, ಮಗನಿಗಾಗಿ ಉಸಿರು ಹಿಡಿದು ಕೂತವಳ ವಿಧೇಯತೆ ನನಗೆ ಸಹಿಸಲಾಗಲಿಲ್ಲ. ಮುಖ್ಯಸ್ಥೆಯ ಕಡೆ ತಿರುಗಿದೆ.

"ಇತ್ತು," ಅಂದೆ.

ದೊಡ್ಡಪ್ಪ "ಮುಚ್ಚಳ" ಎಂದರು, ಬಹಳ ಮೆಲ್ಲಗೆ.

"ರೇಲಿಂಗ್ ಇತ್ತು. ಅಜ್ಜ ಅದನ್ನ ಅಜ್ಜಿ ಕೈ ಅಳತೆಗೆ ಕೆತ್ತಿ ಹಾಕಿದ್ರು. ದೊಡ್ಡಪ್ಪ ಕೀಳಿಸಿದ್ರು, ಅಜ್ಜಿ ಇಲ್ಲಿಂದಲೇ ಬಿದ್ಲು. ಅದೀಗ ಹಿತ್ತಲಲ್ಲಿದೆ, ಅದರ ಮೇಲೆ ಅವಳ ಹಾಸಿಗೆ ಬಟ್ಟೆ ಒಣಗ್ತಾ ಇದೆ. ಅಜ್ಜಿ ಆ ಉಗ್ರಾಣದಲ್ಲಿದ್ದಾಳೆ. ಬೇಕಾದ್ರೆ ಅವಳನ್ನೇ ಕೇಳಿ."